ಎಂಟನೇ ಸೀನು

ಜ್ವರ ಬಿಟ್ಟು ಹೋತು. ಹೋಗೂ ಮುಂದ
ಮೂಗಿನೊಳಗಿನ ಊರು ಹೊತಗೊಂಡು ಹೋತು.

ಬ್ಯಾಡಗಿ ಅಂದ್ರ ನನಗ ಮೊದಲು
ಒಂದ ಉದ್ದನ ದಾರ.
ಸ್ಟೇಷನ್ ಕಡೆ ತುಕ್ಕಿನ ವಾಸನಿ,
ಅಲ್ಲಿಂದ ಭಜಿ ಕರಿಯೋ ಎಣ್ಣಿ,
ಆಮ್ಯಾಲ ಹೊಸ ಗೋಣಿಚೀಲದ ಸೆಣಬು,
ಮುಂದ ಯಾರೂ ಹೇಳೂದು ಬ್ಯಾಡ,
ಮಾರ್ಕೆಟ್ಟಿನ ಗೇಟು ಬರೂದರಾಗ ಗಾಳೀನ ಕೆಂಪಾಗತಿತ್ತು.
ಕಣ್ಣು ಮುಚ್ಚಿದ್ರೂ
ದಾರಿ ನನ್ನ ಕೈ ಹಿಡಕೊಂಡು ನಡೀತಿತ್ತು.

ಈಗ ಸ್ಟೇಷನ್ ಒಂದು ಕ್ಯಾಲೆಂಡರಿನ ಚಿತ್ರ,
ಭಜಿ ಅಂಗಡಿ ಇನ್ನೊಂದು,
ನಡುವ ಬರೇ ಗ್ವಾಡಿ.
ಕಾಲು ನಡೀತಾವ. ನಾ ಮಾತ್ರ
ಮೊಳಿಯಿಂದ ಮೊಳಿಗೆ ಜಿಗೀತೀನಿ.

ಹೊತ್ತೂ ಹಂಗ.
ಒಗ್ಗರಣಿ ಸಿಡಿದದ್ದು ಕೇಳತೈತಿ,
ಆದ್ರ ಮುಂಜಾನಿ ಅನ್ನೂದು ಬರೂದಿಲ್ಲ.
ಮೊನ್ನೆ ಹಾಲು ಹೊತ್ತಿ ಬೋಗಾಣಿ ಕರ್ರಗಾತು,
ಒಲಿಗೆ ಬೆನ್ನು ಮಾಡಿ ಅಲ್ಲೇ ಕುಂತಿದ್ದೆ
ಮಗನ ಚೊಣ್ಣಕ್ಕ ಗುಂಡಿ ಹಚ್ಚಿಕೋತ.
ಆ ಅರ್ಧಾ ತಾಸು ಎಲ್ಲಿ ಹೋತೋ,
ನನ್ನ ಲೆಕ್ಕಕ್ಕ ಬರಲೇ ಇಲ್ಲ.

ರಾತ್ರಿ ಅವನ ನೆತ್ತಿ ಮೂಸಿದೆ.
ಬೆಚ್ಚಗಿತ್ತು, ಅಷ್ಟ.
ತೊಟ್ಟಿಲದಾಗ ಒಂದು ಕೂಸು ಇತ್ತು,
ಹಾಸಿಗ್ಯಾಗ ಏಳು ವರ್ಷದ ಹುಡುಗ ಒಬ್ಬ ಅದಾನ.
ಇಬ್ಬರೂ ಒಬ್ಬನ ಅಂತ
ಹೇಳತಿದ್ದ ಸಾಕ್ಷಿ ಊರು ಬಿಟ್ಟೈತಿ.

ಹಾವೇರಿ ಡಾಕ್ಟರಮ್ಮ ಹೇಳ್ಯಾಳ:
ಲವಂಗ, ಲಿಂಬಿ, ನೀಲಗಿರಿ ಎಣ್ಣಿ
ದಿನಾ ಎರಡು ಸಲ ಮೂಸು, ನೆನಪು ಮಾಡಿಕೋ.
ಮೂಸತೀನಿ.
ಸತ್ತವರ ಹೆಸರು ಹಿಡದು
ಬಾಗಲದಾಗ ನಿಂತು ಕೂಗಿದ್ಹಂಗ.

ದಾವಲಬಿಗೆ ಹೇಳಿದೆ.
ತೊಟ್ಟು ಮುರಕೋತನ ಅಂದ್ಲು:
"ತಾಸಿಗೆ ಎಷ್ಟು ಸಲ ಬಡೀತಾವ ನಿನ್ನ ರೆಪ್ಪಿ?
ಬಡದಾಗೊಮ್ಮೆ ದುನಿಯಾ ಕತ್ತಲಾಗತೈತಿ.
ಯಾವತ್ತರ ಎಡವಿ ಬಿದ್ದೀಯೇನು ಆ ಕತ್ತಲಾಗ?
ಒಳಗ ಯಾರೋ ಕುಂತು ಹೊಲೀತಾರವಾ."
ಯಾರು, ಅಂದೆ.
"ಕೂಲಿ ಕೇಳದಾಕಿ ಯಾರೋ."
ಕಿಲೋಕ್ಕ ಇಷ್ಟು ಅಂತ ದುಡಿಯೋ ನಮಗ
ನಗು ತಡೀಲಾಕ ಆಗಲಿಲ್ಲ.

ಗುರುವಾರ, ಟೆಂಡರಿನ ದಿನ.
ಪತ್ರಾಸಿನ ಶೆಡ್ಡು, ಸಾಲಾಗಿ ಹನ್ನೊಂದು ಮಂದಿ,
ಬೆರಳಿನ ಚಟ್ ಚಟ್.
ನಮ್ಮ ಕಾಯಿಗೆ ಬಣ್ಣ ಭಾಳ, ಖಾರ ಕಮ್ಮಿ,
ನಮ್ಮ ಸಾವಕಾರನ ಉಲ್ಟಾ.
ಆ ತುದಿಗೆ ಹಮಾಲ ಒಬ್ಬ ಗೊತ್ತಿಲ್ಲದ
ಆಂಧ್ರದ ಚೀಲ ಬಿಚ್ಚಿ ಸುರುವಿದ.

ಮೊದಲು ಫಕ್ಕೀರವ್ವ ಸೀನಿದ್ಲು.
ಆಮ್ಯಾಲ ಆಕಿ ಮಗ್ಗಲದಾಕಿ.
ಮೂರು.
ನಾಕು.
ಸೀನು ನಡಕೋತ ಬರಾಕತ್ತಿತ್ತು
ಕಂದೀಲು ಹಿಡಕೊಂಡು ಓಣ್ಯಾಗ ಬರೋರಂಗ.
ಐದನೇದಾಕಿ ಸೆರಗು ಮುಚ್ಚಿಕೊಂಡ್ಲು, ಬಿಡಲಿಲ್ಲ.
ಆರು. ದಾವಲಬಿ, ಏಳು.

ಏಳಕ್ಕೂ ಎಂಟಕ್ಕೂ ನಡುವ,
ಬಾಯಿ ತೆರದು, ಕಣ್ಣು ಅರ್ಧ ಮುಚ್ಚಿ,
ಉಸರು ಮ್ಯಾಲ ಹತ್ತಿ ನಿಂತಾಗ,
ಎಷ್ಟೋ ತಿಂಗಳ ಮ್ಯಾಲ
ಒಂದು ಗಳಿಗಿ ಇನ್ನೊಂದರ ಕಡೆ ವಾಲಿತು.
ಫಕ್ಕೀರವ್ವನಿಂದ ನನ್ನ ತನಕ
ಇಷ್ಟು ಮೊಳ, ಇಷ್ಟು ಉಸರು ಅಂತ
ಮೈಗೆ ಗೊತ್ತಾತು.

ಬಂತು.

ವಾಸನಿ ಅಲ್ಲ ಅದು, ಬರೇ ಉರಿ.
ಮೂಗಿನ್ಯಾಗ ಸತ್ತದ್ದು ಇನ್ನೂ ಸತ್ತ ಐತಿ.
ಉರಿಗೆ ಬ್ಯಾರೇ ಬಾಗಲ ಇದ್ಹಂಗ ಕಾಣತೈತಿ,
ಹಿತ್ತಲದ್ದು, ಅಗಳಿ ಇಲ್ಲದ್ದು.
ಕಣ್ಣೀರು ಒರಸಿಕೊಂಡು ನೋಡೂದರಾಗ
ಅದು ನನ್ನ ದಾಟಿ ಹೋಗಿತ್ತು:
ಒಂಬತ್ತು, ಹತ್ತು.

ಹನ್ನೊಂದನೇದಾಕಿ ಹೊಸಾ ಹುಡುಗಿ,
ಈ ವಾರ ಬಂದಾಕಿ, ಸೀನಲಿಲ್ಲ.
ಮೂಗಿನ ತುದಿ ಕೆಂಪಗ, ಬಾಯಿ ತೆರದು ಕುಂತಾಳ.
ಟೆಂಡರಿನ ಗಂಟಿ ಹೊಡೀತು.
ಹತ್ತು ಮಂದಿ, ಕೈಯಾಗ ಮುರಿದ ಕಾಯಿ ಹಿಡಕೊಂಡು
ಆಕಿ ಮಾರಿ ನೋಡಾಕತ್ತೀವಿ.